ಉಬ್ಬುಗೆರೆ ಇಲ್ಲದ ಸೀಸೆಗಳು

4 ಮಾರ್ಚ್ 1909

ಮೈದುನನಿಗೆ,

ಈ ಸಲ ಆಶೀರ್ವಾದ ಅರ್ಧಕ್ಕೇ ನಿಲ್ಲಿಸಿದ್ದೀನಿ. ಉಳಿದರ್ಧ ಬೇಕಿದ್ದರೆ ಕೆಳಗಿರೋದನ್ನ ಪೂರ್ತಿ ಓದಿ, ಹೇಳಿದ ಹಾಗೆ ಮಾಡು.

ನೀನು ಕಳಿಸಿದ ಪೆಟ್ಟಿಗೆ ಹೋದ ಗುರುವಾರ ಬಂತು. ಸುಂಕದ ಕಟ್ಟೆಯವರು ಮುಚ್ಚಳ ಕಿತ್ತು ನೋಡಿದವರು ಮತ್ತೆ ಮೊಳೆ ಹೊಡೆಯೋದು ಮರೆತಿದ್ದರು, ಒಣಹುಲ್ಲೆಲ್ಲ ಹೊರಗೆ ಬಂದಿತ್ತು. ಅದು ಹಾಳಾಗಲಿ. ಒಳಗಿನ ಸೀಸೆಗಳು ಏನಪ್ಪಾ ಅವು? ಇಪ್ಪತ್ತನಾಲ್ಕೂ ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಬಿರಡೆ, ಮೈಯೆಲ್ಲ ನುಣ್ಣಗೆ. ನಿಮ್ಮಪ್ಪನ ಕಾಲದಿಂದ ಈ ಔಷಧದಂಗಡಿಯಲ್ಲಿ ವಿಷ ಅಂದರೆ ನೀಲಿ ಸೀಸೆ, ಆರು ಮೂಲೆ, ಮೈಮೇಲೆ ಉಬ್ಬುಗೆರೆ. ಮದ್ದು ಅಂದರೆ ದುಂಡು ಸೀಸೆ. ಬೆರಳು ತಾಕಿದರೆ ಸಾಕು, ಯಾವುದು ಏನು ಅಂತ ಗೊತ್ತಾಗುತ್ತಿತ್ತು.

ನಮ್ಮ ಮನೆ ಪದ್ಧತಿ ನಿನಗೂ ಗೊತ್ತು, ಅಲ್ಲಿನ ಗಾಳಿಗೆ ಮರೆತಿಲ್ಲದಿದ್ದರೆ. ಹೊಸ ಪೆಟ್ಟಿಗೆ ಒಡೆದ ದಿನ ದುಂಡು ಸೀಸೆಯ ಒಂದೊಂದು ಹರಳು ಮೊದಲು ಮನೆಯವರ ನಾಲಿಗೆಗೆ, ಆಮೇಲೆ ಗಿರಾಕಿಗೆ. ಮಾವ ಇರೋತನಕ ಮಾವ ನೋಡಿದರು, ಆಮೇಲೆ ನಿಮ್ಮಣ್ಣ. ಹೋದ ವರ್ಷ ಅವರು ತೀರಿಕೊಂಡ ಮೇಲೆ ನಾನು. ಉಬ್ಬುಗೆರೆಯದ್ದನ್ನ ಯಾರೂ ಬಾಯಿ ಹತ್ತಿರ ತರಲ್ಲ. ಈಗ ಎಲ್ಲವನ್ನೂ ನುಣ್ಣಗೆ ಮಾಡಿ ಕಳಿಸಿದ್ದೀಯಲ್ಲ, ನಾನು ಯಾವುದನ್ನ ನೆಕ್ಕಲಿ, ಯಾವುದನ್ನ ಬಿಡಲಿ? ಅತ್ತಿಗೆ ಹೋದರೆ ಹೋದಳು, ಪೀಡೆ ತೊಲಗಿತು ಅಂತ ಇರಬಹುದು ನಿನ್ನ ಲೆಕ್ಕ.

ಚೀಟಿ ಅಂಟಿಸಿದ್ದೀನಲ್ಲ ಅನ್ನಬೇಡ. ಚೀಟಿ ತೇವಕ್ಕೆ ಸುಲಿದು ಬರುತ್ತೆ, ಹುಳ ತಿನ್ನುತ್ತೆ, ಸಂಜೆ ದೀಪದ ಬೆಳಕಲ್ಲಿ ಯಾರ ಕಣ್ಣಿಗೂ ಕಾಣಲ್ಲ. ಅದೂ ಅಲ್ಲದೆ ಅಷ್ಟು ಸಣ್ಣ ಅಕ್ಷರ ಯಾರಿಗೆ ಬೇಕು.

ಹಳೇ ಸೀಸೆಯಲ್ಲೇ ಕಳಿಸು. ಅಲ್ಲೀತನಕ ಈ ಪೆಟ್ಟಿಗೆ ಹಿಂದಿನ ಕೋಣೆಯಲ್ಲಿ ಬೀಗದೊಳಗಿರುತ್ತೆ. 'ತಯಾರಕರಿಂದ ನೇರವಾಗಿ ತರಿಸಿದ ಔಷಧಗಳು' ಅಂತ ನಮ್ಮ ಬಾಗಿಲ ಮೇಲೆ ಬೋರ್ಡು ಇದೆ. ಅದನ್ನ ನಂಬಿ ಒಳಗೆ ಬರೋರಿಗೆ ಜವಾಬು ಕೊಡೋಳು ನಾನು, ನೀನಲ್ಲ.

ಅತ್ತಿಗೆ


9 ಏಪ್ರಿಲ್ 1909

ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ಅರ್ಧ ಆಶೀರ್ವಾದ ತಲುಪಿತು. ಉಳಿದರ್ಧ ನಿಮ್ಮಲ್ಲೇ ಇರಲಿ, ಮುಂದೆ ಬೇಕಾದೀತು.

ಆರು ಮೂಲೆಯ ಸೀಸೆಯನ್ನು ದುಂಡು ಸೀಸೆಯ ಪಕ್ಕ ಇಟ್ಟರೆ ಹಡಗಿನ ಕುಲುಕಾಟಕ್ಕೆ ಎರಡೂ ಒಡೆಯುತ್ತವೆ. ಒಂದೇ ಅಳತೆ ಇದ್ದರೆ ಇಪ್ಪತ್ತನಾಲ್ಕೂ ಜಾಗಕ್ಕೆ ಸರಿಯಾಗಿ ಕೂರುತ್ತವೆ. ಇದನ್ನು ತಿಳಿಯಲು ದೊಡ್ಡ ವಿದ್ಯೆ ಬೇಡ. ಲೋಕವೆಲ್ಲ ಓದಿ ಔಷಧ ಕೊಡುತ್ತದೆ. ತಡವಿ, ನೆಕ್ಕಿ ಕೊಡುವ ಅಂಗಡಿ ನಮ್ಮದೊಂದೇ ಇರಬೇಕು. ಇಲ್ಲಿ ಯಾರಿಗಾದರೂ ಹೇಳಿದರೆ ನಗುತ್ತಾರೆ ಎಂದು ನಾನು ಹೇಳಿಯೇ ಇಲ್ಲ.

ನಿಮ್ಮ ಕಡೆಯ ಬಂದರಿನಲ್ಲಿರುವ ನನ್ನ ಸ್ನೇಹಿತನ ಔಷಧದಂಗಡಿಗೂ ಇದೇ ಸೀಸೆ, ಇದೇ ಸರಕು ಕಳಿಸುತ್ತಿದ್ದೇನೆ. ಅವನು ಪರೀಕ್ಷೆ ಪಾಸು ಮಾಡಿ ಪದಕ ತೆಗೆದುಕೊಂಡವನು. ಕಮಕ್ ಕಿಮಕ್ ಅನ್ನದೆ ತೆಗೆದುಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಮಾತು ನೆನಪಾಯಿತು, ಬೇಜಾರು ಮಾಡಿಕೊಳ್ಳಬೇಡಿ.

ಈಗ ನೇರವಾಗಿಯೇ ಕೇಳುತ್ತೇನೆ. ಅಣ್ಣ ಇದ್ದಾಗ ಚೀಟಿ ಓದುತ್ತಿದ್ದವನು ಅಣ್ಣ. ನೀವು ತೂಗಿ ಪೊಟ್ಟಣ ಕಟ್ಟುತ್ತಿದ್ದಿರಿ. ನಿಮಗೆ ದೊರೆಗಳ ಇಂಗ್ಲಿಷ್ ಅಕ್ಷರ ಓದಲು ಬರುತ್ತದೆಯೋ ಇಲ್ಲವೋ? ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ. ಔಷಧ ಮಾರುವ ಪರವಾನಗಿ ಅಣ್ಣನ ನಂತರ ನನ್ನ ಹೆಸರಿಗೆ ಬಂದಿದೆ. ಚೀಟಿ ಓದಲಾಗದವರು ಒಳಗೆ ಕುಳಿತು ಔಷಧ ಕೊಡುತ್ತಿದ್ದರೆ ನಾಳೆ ದೊರೆಗಳು ಹಿಡಿಯುವುದು ನನ್ನ ಕುತ್ತಿಗೆ.

ಇವತ್ತೇ ಇನ್ನೊಂದು ಪೆಟ್ಟಿಗೆ ಹಡಗಿಗೆ ಹಾಕಿಸುತ್ತಿದ್ದೇನೆ. ಬಂದ ಕೂಡಲೇ ಒಂದೊಂದು ಸೀಸೆಯ ಚೀಟಿಯಲ್ಲಿ ಇರುವುದನ್ನು ಇದ್ದ ಹಾಗೆ ನಕಲು ಮಾಡಿ ನನಗೆ ಕಳಿಸಿ. ಸರಿಯಿದ್ದರೆ ಅಂಗಡಿ ನಿಮ್ಮ ಕೈಯಲ್ಲೇ ಇರುತ್ತದೆ, ನಾನು ತುಟಿ ಬಿಚ್ಚುವುದಿಲ್ಲ. ಇಲ್ಲವಾದರೆ ಬೀಗದ ಕೈ ಬಂದರಿನ ಸ್ನೇಹಿತನಿಗೆ ಹೋಗುತ್ತದೆ. ನೀವು ನಿಮ್ಮ ಓರಗಿತ್ತಿಯ ಮನೆಗೆ ಹೋಗಿ ಇರಬಹುದು. ಅಲ್ಲಿ ಅಡುಗೆಮನೆ ದೊಡ್ಡದು, ಅವಳಿಗೂ ಇನ್ನೊಂದು ಕೈ ಬೇಕಾಗಿದೆ.

ಇಂತಿ,
ನಿಮ್ಮ ಮೈದುನ


19 ಮೇ 1909

ಪರದೇಶದಲ್ಲಿ ದೊಡ್ಡ ಮನುಷ್ಯರಾಗಿರುವ ಮೈದುನರ ಸನ್ನಿಧಿಗೆ,

ನೀನು ಅಂತ ಬರೆಯೋಕೆ ಹೆದರಿಕೆಯಾಗಿ ನೀವು ಅಂತಲೇ ಬರೆಯುತ್ತಿದ್ದೀನಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ತಾವು ಚಡ್ಡಿಯ ಗುಂಡಿ ಹಾಕಿಕೊಳ್ಳೋಕೂ ನನ್ನ ಹತ್ತಿರ ಬರುತ್ತಿದ್ದಿರಿ. ಈಗ ನನಗೇ ಪರೀಕ್ಷೆ ಇಡೋ ಕಾಲ ಬಂತು, ಬಹಳ ಸಂತೋಷ.

ಪೆಟ್ಟಿಗೆ ಬಂದಿದೆ. ಇದರಲ್ಲೂ ಎಲ್ಲ ಸೀಸೆ ನುಣ್ಣಗೇ ಇವೆ. ತಾವು ಕೇಳಿದ ನಕಲು ಈ ಪತ್ರದ ಜೊತೆಗಿದೆ. ಇಪ್ಪತ್ತನಾಲ್ಕು ಚೀಟಿ, ಒಂದು ಅಕ್ಷರ ಬಿಟ್ಟಿಲ್ಲ. ಎರಡು ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿಕೊಂಡು ಕೂತು ಬರೆದಿದ್ದೀನಿ. ಓದಿ ಹೊಟ್ಟೆ ತಣ್ಣಗಾಗಲಿ. ಅಡುಗೆಮನೆಗೆ ಬೇರೆ ಕೈ ಹುಡುಕಿಕೊಳ್ಳೋಕೆ ನನ್ನ ಓರಗಿತ್ತಿಗೆ ಹೇಳಿ.

ಇದು ಹಾಗಿರಲಿ. ಈಗ ಹೇಳೋದು ಜಗಳದ ಮಾತಲ್ಲ, ಗಮನ ಇಟ್ಟು ಓದಿ. ಪೆಟ್ಟಿಗೆಯ ಮೂರನೇ ಸಾಲಿನ ಆರು ಸೀಸೆಗೆ ಭೇದಿ ಉಪ್ಪಿನ ಚೀಟಿ ಇದೆ. ನಮ್ಮ ಹಳೇ ಭೇದಿ ಉಪ್ಪಿನ ಸೀಸೆ ಪಕ್ಕದಲ್ಲಿಟ್ಟು ನೋಡಿದೆ, ಚೀಟಿ ಅದೇ. ಹರಳೂ ನೋಡೋಕೆ ಹಾಗೇ ಇದೆ, ಬೆಳ್ಳಗೆ, ಸೂಜಿಯಷ್ಟು ಸಣ್ಣಗೆ. ಬೆಳ್ಳಗಿರೋದೆಲ್ಲ ಹಾಲಲ್ಲ. ಪದ್ಧತಿಯ ಪ್ರಕಾರ ಒಂದು ಹರಳು ನಾಲಿಗೆ ಮೇಲಿಟ್ಟೆ. ಭೇದಿ ಉಪ್ಪು ಕಹಿ ಇರಬೇಕು. ಇದು ಹುಳಿ, ಹಲ್ಲು ಜುಮ್ಮೆನ್ನೋ ಹುಳಿ. ಕೂಡಲೇ ಉಗಿದು ಬಾಯಿ ತೊಳೆದುಕೊಂಡೆ. ಆದರೂ ನಾಲಿಗೆ ತುದಿ ಎರಡು ದಿನ ಸುಟ್ಟ ಹಾಗಿತ್ತು.

ಆಮೇಲೆ ಅದೇ ಹರಳನ್ನ ನೀರಲ್ಲಿ ಕದಡಿ, ಕೈಬಟ್ಟೆ ಮೇಲಿದ್ದ ಶಾಯಿ ಕಲೆಗೆ ಹಚ್ಚಿದೆ. ಕಲೆ ಪೂರ್ತಿ ಹೋಯ್ತು. ಭೇದಿ ಉಪ್ಪಿಗೆ ಯಾವತ್ತಾದರೂ ಕಲೆ ಹೋಗಿದ್ದುಂಟಾ? ಇದು ಹಿತ್ತಾಳೆ ಉಜ್ಜೋರು, ಟೋಪಿ ತೊಳೆಯೋರು ತಗೊಂಡು ಹೋಗೋ ಕಲೆ ಉಪ್ಪು. ಯಾವಾಗಲೂ ಉಬ್ಬುಗೆರೆ ಸೀಸೆಯಲ್ಲೇ ಬರುತ್ತಿತ್ತು. ಭೇದಿ ಉಪ್ಪು ಅಂತ ಯಾರಾದರೂ ಇದನ್ನ ಒಂದು ದೊಡ್ಡ ಚಮಚ ನೀರಿಗೆ ಹಾಕಿ ಕುಡಿದರೆ ಮಧ್ಯಾಹ್ನದ ಊಟಕ್ಕೆ ಅವರಿರಲ್ಲ. ಎಲ್ಲಿ ತಪ್ಪಾಯ್ತು ಅಂತ ತಯಾರಕರನ್ನ ಕೇಳಿ. ತಮ್ಮ ಪದಕದವರಿಗೂ ಇದೇ ಸರಕು ಹೋಗಿರಬೇಕಲ್ಲ, ಅವರಿಗೆ ಕೂಡಲೇ ತಂತಿ ಕೊಡಿ.

ಆ ಆರು ಸೀಸೆಯನ್ನ ನಾನು ಬೇರೆ ಇಟ್ಟಿದ್ದೀನಿ.

ಅತ್ತಿಗೆ


25 ಜೂನ್ 1909

ಅತ್ತಿಗೆಯವರಿಗೆ,

ನಕಲು ನೋಡಿದೆ. ಬಹಳ ಶ್ರಮಪಟ್ಟಿದ್ದೀರಿ, ಅದಕ್ಕೆ ಮೆಚ್ಚಬೇಕು.

ಪ್ರತಿ ಚೀಟಿಯ ಅಡಿಯಲ್ಲಿ ಅಚ್ಚುಕೂಟದವನು ತನ್ನ ಹೆಸರು ಮತ್ತು ಬೀದಿಯನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾನೆ. ಓದು ಬರುವ ಯಾರೂ ಅದನ್ನು ಔಷಧದ ಹೆಸರಿಗೆ ಸೇರಿಸಿ ಬರೆಯುವುದಿಲ್ಲ. ನೀವು ಇಪ್ಪತ್ತನಾಲ್ಕು ಸಲ ಬರೆದಿದ್ದೀರಿ, ಔಷಧದ ಹೆಸರಿನಷ್ಟೇ ದಪ್ಪಕ್ಕೆ. ಒಂದು ಚೀಟಿಯ ಮೇಲೆ ಅಂಟಿನ ಹನಿ ಬಿದ್ದು ಮಚ್ಚೆಯಾಗಿತ್ತು ಅಂತ ಕಾಣುತ್ತದೆ, ಅದನ್ನೂ ದುಂಡಗೆ ತಿದ್ದಿ ಬರೆದಿದ್ದೀರಿ. ನೀವು ಓದಲಿಲ್ಲ, ಚಿತ್ರ ಬರೆದಿರಿ. ನನಗೆ ಬರೆಯುವ ಲಕೋಟೆಗೂ ಅಣ್ಣ ಅಚ್ಚು ಹಾಕಿಸಿಟ್ಟಿದ್ದ ವಿಳಾಸವನ್ನೇ ಅಂಟಿಸುತ್ತಾ ಬಂದಿದ್ದೀರಿ, ಇದು ಈಗ ಹೊಳೆಯಿತು.

ಹುಳಿಯ ಕಥೆ ಯಾಕೆ ಕಟ್ಟಿದಿರಿ ಎಂಬುದೂ ಅರ್ಥವಾಯಿತು. ಓದಲು ಬರದಿದ್ದರೂ ನಿಮ್ಮ ನಾಲಿಗೆಗೆ ಎಲ್ಲ ಗೊತ್ತು ಎಂದು ತೋರಿಸಬೇಕಿತ್ತು, ಅಲ್ಲವೇ? ಚೀಟಿಯಲ್ಲಿ ಏನಿದೆಯೋ ಸೀಸೆಯಲ್ಲಿ ಅದೇ ಇರುತ್ತದೆ. ನಿಮ್ಮ ನಾಲಿಗೆಯ ಮಾತು ಕೇಳಿ ನಾನು ಸ್ನೇಹಿತನಿಗೆ ತಂತಿ ಕೊಟ್ಟರೆ ಅವನ ಮುಂದೆ ನನ್ನ ಮುಖ ಎಲ್ಲಿಟ್ಟುಕೊಳ್ಳಲಿ?

ಮುಗಿಯಿತು. ಸೆಪ್ಟೆಂಬರ್ ಒಂದನೇ ತಾರೀಕು ಅವನು ನಿಮ್ಮಲ್ಲಿಗೆ ಬರುತ್ತಾನೆ. ಬೀಗದ ಕೈ ಕೊಟ್ಟು, ನಿಮ್ಮ ಬಟ್ಟೆಬರೆ ತೆಗೆದುಕೊಂಡು ಹೊರಡಿ. ಒಂದು ವರ್ಷ ಊರಿನ ಕಣ್ಣಿಗೆ ಮಣ್ಣೆರಚಿದ್ದು ಸಾಕು.

ಮೈದುನ


3 ಆಗಸ್ಟ್ 1909 — ತಂತಿ

ಭೇದಿ ಉಪ್ಪು ಮಾರಬೇಡಿ. ಯಾರಿಗೂ ಕೊಡಬೇಡಿ. ಪತ್ರ ಬರುತ್ತಿದೆ.


4 ಆಗಸ್ಟ್ 1909

ಅತ್ತಿಗೆ,

ನಿನ್ನೆ ತಂತಿ ಕಳಿಸಿದೆ. ಅದು ದೊರೆಗಳ ಭಾಷೆಯಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲ. ಅಂಚೆ ಗುಮಾಸ್ತರಿಂದ ಓದಿಸಿಕೊಂಡಿರುತ್ತೀರಿ ಅಂದುಕೊಂಡಿದ್ದೇನೆ. ಓದಿಸಿಕೊಂಡಿದ್ದರೆ ಸಾಕು.

ಬಂದರಿನಲ್ಲಿ ಇಬ್ಬರು ಸತ್ತರು ಎಂದು ಅಲ್ಲಿಂದ ತಂತಿ ಬಂತು. ಒಬ್ಬ ದರ್ಜಿ, ಒಬ್ಬಳು ಬಾಣಂತಿ. ಇಬ್ಬರೂ ಒಂದೇ ಬೆಳಿಗ್ಗೆ ಅವನ ಅಂಗಡಿಯಿಂದ ಭೇದಿ ಉಪ್ಪು ತೆಗೆದುಕೊಂಡು ಹೋದವರು. ಹಳೆಯ ಸರಕು ಮುಗಿಯುವವರೆಗೆ ಅವನು ಹೊಸದನ್ನು ಮುಟ್ಟಿರಲಿಲ್ಲ, ಮೊನ್ನೆ ಜುಲೈ ಕೊನೆಯ ವಾರ ಒಡೆದನಂತೆ. ಚೀಟಿ ಓದಿ, ತೂಗಿ, ತನ್ನ ಕೈಯಿಂದಲೇ ಕೊಟ್ಟ. ಈಗ ಅವನನ್ನು ಹಿಡಿದಿಟ್ಟಿದ್ದಾರೆ. ಸೆಪ್ಟೆಂಬರಿನಲ್ಲಿ ದೊರೆ ಡಾಕ್ಟರರ ಮುಂದೆ ವಿಚಾರಣೆ. ನಿಮ್ಮನ್ನೂ ಕರೆಸುತ್ತಾರೆ, ಅದೇ ಸರಕು ನಿಮಗೂ ಬಂದಿದೆ ಎಂದು ಅವನು ಹೇಳಿದ್ದಾನೆ.

ಯಾವತ್ತೂ ಬರೆಯದ ಒಂದು ಮಾತು ಬರೆಯುತ್ತಿದ್ದೇನೆ. ಎರಡು ವರ್ಷದಿಂದ ಸರಕು ತಯಾರಕರಿಂದ ನೇರ ಬರುತ್ತಿಲ್ಲ. ಪೀಪಾಯಿಗಟ್ಟಲೆ ಕೊಂಡು ಹಡಗುಕಟ್ಟೆಯ ಹಿಂದೆ ನಾನು ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಸೀಸೆಗೆ ತುಂಬಿಸುತ್ತೇನೆ. ಎರಡು ಉಪ್ಪಿನ ಪೀಪಾಯಿಗಳು ಅಕ್ಕಪಕ್ಕ ಇದ್ದವು. ತಪ್ಪು ಮಾಡಿದ್ದು ನಾನಲ್ಲ. ತುಂಬಿ ಚೀಟಿ ಅಂಟಿಸುವ ಹೆಂಗಸು ಅಲ್ಲಿ ಒಬ್ಬಳಿದ್ದಾಳೆ, ಅವಳಿಗೆ ಓದು ಬರುವುದಿಲ್ಲ. ಅವಳನ್ನು ನಿನ್ನೆಯೇ ಕೆಲಸದಿಂದ ಬಿಡಿಸಿದೆ.

ನಿಮ್ಮ ಹತ್ತಿರ ಇರುವ ಆರು ಸೀಸೆಗಳನ್ನು ಈ ಪತ್ರ ಓದಿದ ಕೂಡಲೇ ಬಚ್ಚಲಿಗೆ ಸುರಿದುಬಿಡಿ. ಸೀಸೆ ಒಡೆದುಹಾಕಿ. ಮೇ ತಿಂಗಳ ನಿಮ್ಮ ಪತ್ರ ನನ್ನ ಹತ್ತಿರವೇ ಇದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ. ವಿಚಾರಣೆಯಲ್ಲಿ 'ನಮಗೆ ಬಂದ ಉಪ್ಪು ಸರಿಯಾಗಿತ್ತು, ಮಾರಿ ಮುಗಿಯಿತು' ಎನ್ನಿ, ಅಷ್ಟು ಸಾಕು. ಆಗ ಪದಕದವನ ಅಂಗಡಿಯಲ್ಲೇ ಏನೋ ಬೆರಕೆಯಾಯಿತು ಎಂದಾಗುತ್ತದೆ. ಅವನು ಅನುಕೂಲಸ್ಥ, ಹೇಗೋ ಪಾರಾಗುತ್ತಾನೆ.

ಜೊತೆಗೆ ಒಂದು ಕಾಗದ ಇಟ್ಟಿದ್ದೇನೆ. ಅಂಗಡಿ, ಪರವಾನಗಿ, ಎರಡನ್ನೂ ನಿಮ್ಮ ಹೆಸರಿಗೆ ಬರೆದು ಸಹಿ ಹಾಕಿದ್ದೇನೆ. ಇನ್ನು ನಿಮ್ಮನ್ನು ಅಲ್ಲಿಂದ ಯಾರೂ ಏಳಿಸುವುದಿಲ್ಲ. ಚೀಟಿಯ ಮಾತು ನಾನು ಸಾಯುವವರೆಗೆ ಎತ್ತುವುದಿಲ್ಲ. ಆದರೆ ಆ ಸೀಸೆ ಹೊರಗೆ ಬಂದರೆ 'ನಿನಗೆ ಹೇಗೆ ಗೊತ್ತಾಯಿತು' ಎಂದು ಕೇಳುತ್ತಾರೆ, 'ಓದು' ಎನ್ನುತ್ತಾರೆ. ಬಾಯಿ ಬಿಟ್ಟರೆ ಬಣ್ಣಗೇಡು, ಅತ್ತಿಗೆ. ನಿಮಗೂ ನನಗೂ.

ಎಷ್ಟಾದರೂ ನೀವು ನನ್ನನ್ನು ಎತ್ತಿ ಆಡಿಸಿದವರು.

ಮೈದುನ


17 ಸೆಪ್ಟೆಂಬರ್ 1909

ಮೈದುನ,

ತಂತಿಯನ್ನ ಅಂಚೆ ಗುಮಾಸ್ತರು ಓದಿ ಹೇಳಿದರು. ಅಲ್ಲಿದ್ದ ಏಳೆಂಟು ಜನಕ್ಕೂ ಕೇಳಿಸಿತು. ಔಷಧದಂಗಡಿಯವಳು ತಂತಿ ಹಿಡಿದುಕೊಂಡು ಓದಿಸೋಕೆ ಬಂದಳು ಅನ್ನೋದು ಸಂಜೆಯೊಳಗೆ ಬೀದಿಯೆಲ್ಲ ಗೊತ್ತಾಗಿತ್ತು. ನನಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ. ಯಾರು ಸತ್ತರೋ ಅನ್ನೋದೊಂದೇ ತಲೆಯಲ್ಲಿತ್ತು.

ನಿನ್ನ ಕಾಗದ ಬಂದಾಗ ಒಪ್ಪಿಕೊಳ್ಳಬೇಕು ಅನ್ನಿಸಲಿಲ್ಲ ಅಂತ ಸುಳ್ಳು ಹೇಳಲ್ಲ. ಒಂದು ಇಡೀ ದಿನ ಅದನ್ನ ತಕ್ಕಡಿ ಕೆಳಗೆ ಇಟ್ಟುಕೊಂಡಿದ್ದೆ. ಹತ್ತೊಂಬತ್ತು ವರ್ಷ ಈ ಮರದ ಮೇಜಿನ ಹಿಂದೆ ನಿಂತಿದ್ದೀನಿ. ನನಗೆ ಬೇರೇನೂ ಬರಲ್ಲ, ಬೇರೆಲ್ಲೂ ಇರೋಕೆ ಇಷ್ಟವೂ ಇಲ್ಲ. ಮಾರನೇ ಬೆಳಿಗ್ಗೆ ಆರು ಸೀಸೆಯನ್ನ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಂದರಿನ ಗಾಡಿ ಹತ್ತಿದೆ.

ಉದ್ದನೆ ಕೋಣೆ. ಒಂದು ಕೊನೆಗೆ ದೊರೆ ಡಾಕ್ಟರು, ಪಕ್ಕದಲ್ಲಿ ದುಭಾಷಿ. ನಿನ್ನ ಪದಕದವರು ಗೋಡೆಗೆ ಒರಗಿ ನಿಂತಿದ್ದರು, ಅಳುತ್ತಾ ಇದ್ದರು. ನಾನು ಅವರನ್ನ ಬಹಳ ಬೈದುಕೊಂಡಿದ್ದೆ. ನೋಡಿದ ಮೇಲೆ ಬೈಯೋಕೆ ಮನಸ್ಸು ಬರಲಿಲ್ಲ. ಸೀಸೆ ಮೇಜಿನ ಮೇಲಿಟ್ಟು, ಇದು ಭೇದಿ ಉಪ್ಪಲ್ಲ ಅಂದೆ. ನಿನಗೆ ಹೇಗೆ ಗೊತ್ತಾಯ್ತು ಅಂತ ಕೇಳಿದರು. ನಾಲಿಗೆಗೆ ಗೊತ್ತಾಯ್ತು ಅಂದೆ. ಚೀಟಿ ಓದು ಅಂದರು. ನನಗೆ ಆ ಅಕ್ಷರ ಬರಲ್ಲ, ಯಾವತ್ತೂ ಬಂದಿರಲಿಲ್ಲ ಅಂದೆ. ದುಭಾಷಿ ಅದನ್ನ ಹೇಳೋ ಮೊದಲು ನನ್ನ ಮುಖ ನೋಡಿದರು. ಬೇಕಿದ್ದರೆ ಮಾತು ಬದಲಿಸಿ ಹೇಳುತ್ತೀರಾ ಅಂತ ಕೇಳಿದರು. ಬೇಡ, ಹಾಗೇ ಹೇಳಿ ಅಂದೆ.

ಸೀಸೆ ಒಳಗಡೆ ತಗೊಂಡು ಹೋಗಿ ಪರೀಕ್ಷೆ ಮಾಡಿದರು. ಕಲೆ ಉಪ್ಪು ಅಂತಲೇ ಬಂತು. ಪದಕದವರನ್ನ ಆವತ್ತೇ ಬಿಟ್ಟರು. ನನಗೆ ಇನ್ನು ಮೇಲೆ ಔಷಧ ಕೊಡಕೂಡದು ಅಂತ ಬರೆದು ಓದಿ ಹೇಳಿದರು. ನಿನ್ನೆ ಜವಾನ ಬಂದು ಅಂಗಡಿಗೆ ಅರಗು ಹಾಕಿ ಮೊಹರು ಒತ್ತಿ ಹೋದ. ನೀನು ಸಹಿ ಹಾಕಿ ಕಳಿಸಿದ ಕಾಗದ ಈ ಲಕೋಟೆಯಲ್ಲೇ ಇದೆ, ನನಗೆ ಬೇಡ.

ಆ ಚೀಟಿ ಅಂಟಿಸೋ ಹೆಂಗಸನ್ನ ಬಿಡಿಸಿದೆ ಅಂತ ಬರೆದಿದ್ದೀಯ. ಓದು ಬಾರದವಳನ್ನ ಕೂರಿಸಿಕೊಂಡು ಇಪ್ಪತ್ತನಾಲ್ಕೂ ಒಂದೇ ಥರದ ಸೀಸೆ ಕೊಟ್ಟವನು ನೀನು. ಅವಳ ಕೈಗೆ ಒಂದು ಗೆರೆಯಿದ್ದ ಸೀಸೆ ಸಿಕ್ಕಿದ್ದರೆ ತುಂಬೋಕೆ ಮೊದಲು ಯಾರನ್ನಾದರೂ ಕೇಳುತ್ತಿದ್ದಳು. ಅವಳ ತಲೆಗೆ ಕಟ್ಟಬೇಡ. ಇದನ್ನೂ ಅಲ್ಲಿ ಹೇಳಿ ಬಂದಿದ್ದೀನಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೀನಿ. ಮೇ ಹತ್ತೊಂಬತ್ತಕ್ಕೆ ನನಗೆ ಗೊತ್ತಿತ್ತು. ನಿನಗೆ ಪತ್ರ ಬರೆದೆ, ಅದು ತಲುಪೋಕೆ ಐದು ವಾರ. ಬಂದರಿಗೆ ಬರೆದಿದ್ದರೆ ಎರಡು ದಿನ. ಬರೆಯಬೇಕು ಅಂತ ಕಾಗದವನ್ನೂ ತಗೊಂಡೆ. ಬರೆದರೆ ಅವರು ಚೀಟಿಯಲ್ಲಿ ಏನೇನಿದೆ, ಯಾವ ನಂಬರು ಅಂತ ಕೇಳಿ ಬರೆಯುತ್ತಾರೆ, ನನ್ನ ಗುಟ್ಟು ಬಯಲಾಗುತ್ತೆ ಅಂತ ಹೆದರಿದೆ. ಮೈದುನನಿಗೆ ತಿಳಿಸಿದೆನಲ್ಲ, ಇನ್ನು ಅದು ಅವನ ತಲೆನೋವು ಅಂತ ಕೈತೊಳೆದುಕೊಂಡೆ. ನೀನು ನಂಬಲಿಲ್ಲ, ಅದು ನಿನ್ನದು. ನಾನು ಬರೆಯಲಿಲ್ಲ, ಇದು ನನ್ನದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ವಿಚಾರಣೆ ಮುಗಿದು ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ತೊಡೆ ಮೇಲೆ ಕೂಸು ಮಲಗಿತ್ತು. ಸತ್ತ ಬಾಣಂತಿಯ ತಾಯಿ. ನಿಮಗೆ ಇದು ಯಾವಾಗ ಗೊತ್ತಾಯ್ತಮ್ಮ ಅಂತ ಕೇಳಿದರು. ಮೇ ತಿಂಗಳಲ್ಲಿ ಅಂದೆ. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಮೇ ತಿಂಗಳಲ್ಲಿ ನನ್ನ ಮಗಳಿಗೆ ಏಳು ತಿಂಗಳು ತುಂಬಿತ್ತು ಅಂದರು. ಆಮೇಲೆ ಕೂಸಿನ ಮೇಲಿದ್ದ ಬಟ್ಟೆ ಸರಿಮಾಡುತ್ತಾ ಕೂತರು.

ನಿನ್ನನ್ನೂ ಕರೆಸುತ್ತಾರೆ. ವಿಳಾಸ ಕೇಳಿದರು. ನಿನ್ನ ಪತ್ರಗಳನ್ನೆಲ್ಲ ಕೊಟ್ಟಿದ್ದೀನಿ, ಆಗಸ್ಟ್ ತಿಂಗಳದ್ದನ್ನೂ ಸೇರಿಸಿ. ಹಡಗು ಹತ್ತಿ ಬಾ. ಡಾಕ್ಟರಿಗೆ ಏನು ಬೇಕಾದರೂ ಹೇಳಿಕೋ. ಆ ತಾಯಿ ವಾರಕ್ಕೊಂದು ದಿನ ಕೂಸಿಗೆ ಹಾಲುಪುಡಿ ತಗೊಳ್ಳೋಕೆ ವಿಚಾರಣೆ ನಡೆದ ಆ ಡಾಕ್ಟರ ಆಫೀಸಿಗೇ ಬರುತ್ತಾರಂತೆ. ಮೆಟ್ಟಿಲ ಮೇಲೆ ಅವರು ಕೇಳಿದಾಗ, ಜೂನ್ ತಿಂಗಳಲ್ಲಿ ಗೊತ್ತಾಯ್ತು ಅಂತ ನಿನ್ನ ಬಾಯಿಂದಲೇ ಹೇಳು.

ಅತ್ತಿಗೆ